ಎರಡು ಬ್ಯಾಗು, ಎರಡು ಟಿಕೆಟು: ಶಿರಸಿಯಿಂದ ಮ್ಯೂನಿಕ್‌ಗೆ ಹೋದ ಸಾಮಾನಿನ ಪ್ರಕರಣ

ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ ದಂಪತಿ 2025ರ ಮೇ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್‌ಗೆ ಹೊರಟರು. ಮಗಳ ಬಾಣಂತನಕ್ಕೆ. ಯಜಮಾನರಿಗೆ 66, ಪತ್ನಿಗೆ, ನಾನು ಅಮ್ಮ ಎನ್ನುವವರಿಗೆ, 61. ಮಳೆ ಹಿಡಿದ ಮೇಲೆ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುವ ಜವಾಬ್ದಾರಿ ತಮ್ಮನ ಮಗನ ತಲೆಗೆ ಬಿತ್ತು. ಹುಬ್ಬಳ್ಳಿ–ಬೆಂಗಳೂರು ಟಿಕೆಟನ್ನು ಇದೇ ಹುಡುಗ ಶಿರಸಿ ಪೇಟೆಯಲ್ಲಿ ಮಾಡಿಸಿದ. ಬೆಂಗಳೂರಿನಿಂದ ಮುಂದಿನದನ್ನು, ಅಂದರೆ ಗಲ್ಫ್‌ನಲ್ಲಿ ವಿಮಾನ ಬದಲಿಸಿ ಮ್ಯೂನಿಕ್ ತಲುಪುವ ಟಿಕೆಟನ್ನು, ಅಳಿಯ ಅಲ್ಲಿಂದಲೇ ತೆಗೆದ. ಎರಡು ಟಿಕೆಟು, ಎರಡು ಕಂಪನಿ. ಹೊರಡುವಾಗ ಯಾರೂ ಇದರ ಬಗ್ಗೆ ಯೋಚಿಸಲಿಲ್ಲ, ಯೋಚಿಸುವವರು ನಮ್ಮಲ್ಲಿ ಕಡಿಮೆಯೇ. ಆದರೆ ಈ ಕಡತದಲ್ಲಿ ಕೊನೆಗೂ ಬಿಚ್ಚಿಕೊಳ್ಳದ ಗಂಟು ಅದೇ.

ಕ್ಲೇಮುಗಳ ಕಾಗದಪತ್ರ ನೋಡಿಕೊಡುವುದು ನನ್ನ ಕೆಲಸ. ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೂ ಕಂಪನಿಗಳ ಹೆಸರನ್ನೂ ಬಿಟ್ಟಿದ್ದೇನೆ.

ಏನೇನು ಇತ್ತು

ಚೆಕ್‌ಇನ್ ಆದದ್ದು ಎರಡು ಬ್ಯಾಗು, ಎರಡೂ ಜಿಪ್ಪಿನವು, ಎರಡಕ್ಕೂ ಪುಟ್ಟ ನಂಬರ್ ಬೀಗ.

ಒಂದನೆಯದರಲ್ಲಿ ಸೀರೆ, ಮಗುವಿಗೆ ಹೊಲಿಸಿದ ಹಳೇ ಪಂಚೆಯ ಬಟ್ಟೆಗಳು, ಬಾಣಂತಿ ಮದ್ದಿನ ಪುಡಿಗಳು, ಮೂರು ಲೀಟರಿನ ಒಂದು ಕುಕ್ಕರು. ಕುಕ್ಕರಿನೊಳಗೆ ಟವೆಲ್ಲಿನಲ್ಲಿ ಸುತ್ತಿದ ಆಭರಣದ ಡಬ್ಬಿ. ಅದರಲ್ಲಿ ಮಗುವಿಗೆಂದು ಮಾಡಿಸಿದ ಒಂದು ಸರ, ಒಂದು ಜೊತೆ ಬಳೆ, ಒಟ್ಟು 16 ಗ್ರಾಂ ಚಿನ್ನ. ಬಿಲ್ಲು ಒಂದೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಕೈಚೀಲದಲ್ಲಿ ಇಟ್ಟರೆ ಸೆಕ್ಯುರಿಟಿಯವರು ಎಲ್ಲರೆದುರು ತೆಗೆಸಿ ನೋಡುತ್ತಾರೆ ಎಂಬ ಅಳುಕಿನಿಂದ ಅಮ್ಮ ಅದನ್ನು ಚೆಕ್‌ಇನ್ ಬ್ಯಾಗಿಗೆ ಹಾಕಿದ್ದರು. ಎಕ್ಸ್‌ರೇಗೆ ಕುಕ್ಕರಿನ ತೆಳು ಅಲ್ಯೂಮಿನಿಯಂ ಒಂದು ಮರೆಯೇ ಅಲ್ಲ. ಒಳಗಿನ ಚಿನ್ನ ಅದಕ್ಕಿಂತ ದಟ್ಟವಾಗಿ, ಕಪ್ಪಾಗಿ ಎದ್ದು ಕಾಣುತ್ತದೆ.

ಎರಡನೆಯದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಮನೆಯ ತುಪ್ಪ, ಜೋನಿ ಬೆಲ್ಲ, ಅರ್ಧ ಕಿಲೋ ಒಣಕೊಬ್ಬರಿ ಗಿಟುಕು. ಜೊತೆಗೆ ಯಜಮಾನರ ಮೂರು ತಿಂಗಳ ಬಿಪಿ ಮಾತ್ರೆ, ಅವರ ಎರಡನೇ ಕನ್ನಡಕ, ಇಬ್ಬರ ದಿನಬಳಕೆಯ ಬಟ್ಟೆ. ಅಳಿಯ ಹಿಂದಿನ ಸಲ ಬಂದಾಗ ಬಿಟ್ಟುಹೋಗಿದ್ದ ಬ್ಲೂಟೂತ್ ಟ್ರ್ಯಾಕರನ್ನು ತಮ್ಮನ ಮಗ ಈ ಬ್ಯಾಗಿನ ಜೇಬಿಗೆ ಹಾಕಿದ್ದ. ಒಂದೇ ಇತ್ತು, ತಿಂಡಿಯ ಬ್ಯಾಗಿಗೆ ಹೋಯಿತು.

ವಿಮೆ ಮಾಡಿಸಿದ್ದು ವೀಸಾಕ್ಕಾಗಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆ ಇರಲೇಬೇಕು ಎಂಬ ನಿಯಮವಿದೆ. ಆ ಸಂಖ್ಯೆ ಮುಟ್ಟುವ ಅಗ್ಗದ ಪಾಲಿಸಿ ಹುಡುಕಿ ತೆಗೆಯುವುದು ರೂಢಿ. ಸಾಮಾನಿನ ಬಗ್ಗೆ ಅದರಲ್ಲಿ ಎರಡು ಸಾಲು ಇದ್ದೇ ಇರುತ್ತದೆ, ಆ ಎರಡು ಸಾಲನ್ನು ಓದುವುದು ಬ್ಯಾಗು ಹೋದ ಮೇಲೆ.

ಮ್ಯೂನಿಕ್‌ನ ಬೆಲ್ಟಿನ ಬಳಿ

ವಿಮಾನ ಇಳಿದು ಫೋನ್ ತೆರೆದಾಗ ಅಳಿಯನ ಸಂದೇಶ ಕಾದಿತ್ತು: ಟ್ರ್ಯಾಕರ್ ಇನ್ನೂ ದೇವನಹಳ್ಳಿ ತೋರಿಸುತ್ತಿದೆ. ಬೆಲ್ಟಿನ ಮೇಲೆ ಒಂದೇ ಬ್ಯಾಗು ಬಂತು, ಕುಕ್ಕರಿನದು. ಅಳಿಯ ಹೊರಗೆ, ಇವರು ಒಳಗೆ. ಫೋನಿನಲ್ಲೇ ದಾರಿ ಹೇಳಿಸಿಕೊಂಡು ಬ್ಯಾಗೇಜ್ ಕೌಂಟರಿಗೆ ಹೋಗಿ ಪಿಐಆರ್ ಬರೆಸಿದರು. ಸಾಮಾನಿನ ಏರುಪೇರಿನ ವರದಿ ಅದು. ಅದರ ಮೇಲೆ ಹತ್ತು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ: ಮೊದಲ ಮೂರು ವಿಮಾನ ನಿಲ್ದಾಣದ್ದು, ಮುಂದಿನ ಎರಡು ಕಂಪನಿಯದು, ಕೊನೆಯ ಐದು ಅಂಕಿ ಪ್ರಕರಣದ್ದು. ಈ ಕಾಗದ ಕೈಯಲ್ಲಿಲ್ಲದೆ ಬ್ಯಾಗೇಜ್ ಹಾಲ್‌ನಿಂದ ಹೊರಗೆ ಬಂದಿದ್ದರೆ ಎರಡನೇ ಬ್ಯಾಗಿನ ಕಥೆ ಅಲ್ಲೇ ಮುಗಿಯುತ್ತಿತ್ತು. ವಿಮಾ ಕಂಪನಿ ಮೊದಲು ಕೇಳುವುದೇ ಅದನ್ನು.

ಕೈಗೆ ಬಂದಿದ್ದ ಒಂದನೇ ಬ್ಯಾಗನ್ನು ಯಾರೂ ತಿರುಗಿಸಿ ನೋಡಲಿಲ್ಲ. ಬೀಗ ಹಾಕಿದಂತೆಯೇ ಇತ್ತು. ಅಮ್ಮ ಆಮೇಲೆ ನನಗೆ ಫೋನಿನಲ್ಲಿ ಹೇಳಿದ್ದು: "ಬೀಗ ಹಂಗೇ ಇದ್ದಿತ್ತು, ಎಂಗೆ ಹ್ಯಾಂಗೆ ಗೊತ್ತಾಗವು?" ನಿಜವೇ. ಜಿಪ್ಪಿನ ಹಲ್ಲುಗಳ ನಡುವೆ ಬಾಲ್‌ಪೆನ್ನಿನ ತುದಿ ಚುಚ್ಚಿ ಎಳೆದರೆ ಜಿಪ್ಪು ಬಾಯಿ ಬಿಡುತ್ತದೆ. ಕೆಲಸ ಮುಗಿಸಿ, ಬೀಗ ಹಾಕಿದ ಎರಡೂ ತಲೆಗಳನ್ನು ಒಟ್ಟಿಗೆ ಒಂದು ಸುತ್ತು ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬೀಗ ಕಾಯುವುದು ಜಿಪ್ಪಿನ ತಲೆಯನ್ನು ಮಾತ್ರ. ಜಿಪ್ಪೇ ಇಲ್ಲದ, ಅಂಚಿನಲ್ಲಿ ಕೊಕ್ಕೆಯಿಂದ ಕಚ್ಚಿಕೊಳ್ಳುವ ಗಟ್ಟಿ ಪೆಟ್ಟಿಗೆಗೆ ಈ ಪೆನ್ನಿನ ಆಟ ನಡೆಯುವುದಿಲ್ಲ. ಅದು ತೂಕ ಹೆಚ್ಚು, ಬೆಲೆಯೂ ಹೆಚ್ಚು ಎಂದು ಜನ ಬಿಡುತ್ತಾರೆ.

ಚಿನ್ನ ಇಲ್ಲವೆಂದು ಗೊತ್ತಾದದ್ದು ಐದನೇ ದಿನ, ಕುಕ್ಕರು ಬೇಕಾಗಿ ಹೊರಗೆ ತೆಗೆದಾಗ. ಟವೆಲ್ಲು ಇತ್ತು, ಡಬ್ಬಿ ಇರಲಿಲ್ಲ. ಆಮೇಲೆ ಎಲ್ಲರೂ ಜಿಪ್ಪು ನೋಡಿದರು. ಒಂದು ಮೂಲೆಯಲ್ಲಿ ನಾಲ್ಕಾರು ಹಲ್ಲು ವಾರೆಯಾಗಿತ್ತು.

ತೂಕ ಹೋಲಿಸಿ ನೋಡಬಹುದಲ್ಲ ಎಂದು ಅಳಿಯ ಕೇಳಿದ. ಬೇರೆ ಪ್ರಕರಣಗಳಲ್ಲಿ ಅದು ಒಳ್ಳೆಯ ಸಾಕ್ಷಿ, ಕ್ಯಾಮೆರಾವೋ ಲ್ಯಾಪ್‌ಟಾಪೋ ಹೋದರೆ ಕೌಂಟರಿನ ತೂಕವೇ ಮಾತಾಡುತ್ತದೆ. 16 ಗ್ರಾಮಿಗೆ ವಿಮಾನ ನಿಲ್ದಾಣದ ತಕ್ಕಡಿಯ ಮುಳ್ಳು ಅಲ್ಲಾಡುವುದಿಲ್ಲ.

ಎರಡನೇ ಬ್ಯಾಗು ಏಕೆ ಉಳಿಯಿತು

ಕೊಬ್ಬರಿಯಿಂದ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಸಾಲಿನಲ್ಲಿ ಅದನ್ನು ವಿಮಾನಯಾನದ ಅಪಾಯಕಾರಿ ಸರಕಿನ ನಿಯಮಗಳು ಹಿಂದಿನಿಂದಲೂ ಇಟ್ಟಿವೆ. 2022ರಲ್ಲಿ ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಚೆಕ್‌ಇನ್ ಬ್ಯಾಗಿನಲ್ಲೂ ಅದನ್ನು ನಿಷೇಧಿಸಿತು. ಸಿಗರೇಟ್ ಲೈಟರು, ಪವರ್ ಬ್ಯಾಂಕು ಹಾಕಬಾರದೆಂದು ಎಲ್ಲರಿಗೂ ಗೊತ್ತು. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು. ಆದರೆ ಘಟ್ಟದ ಮೇಲಾಗಲಿ ಕರಾವಳಿಯಲ್ಲಾಗಲಿ ಕೊಬ್ಬರಿಯನ್ನು ಅಪಾಯದ ವಸ್ತು ಎಂದು ಎಣಿಸುವವರು ಯಾರಿದ್ದಾರೆ? ಹುಬ್ಬಳ್ಳಿಯಲ್ಲಿ ದಾಟಿತು, ಬೆಂಗಳೂರಿನ ಯಂತ್ರದಲ್ಲಿ ಸಿಕ್ಕಿಬಿತ್ತು. ಹೆಸರು ಕೂಗಿದ್ದರಂತೆ, ಇವರು ಗೇಟಿನ ಬಳಿ ಕೂತವರು ಕೇಳಿಸಿಕೊಂಡಿಲ್ಲ.

ಅಳಿಯ ಇಮೇಲಿನಲ್ಲಿ ಒಪ್ಪಿಗೆ ಕಳಿಸಿದ ಮೇಲೆ ಬೀಗ ಕತ್ತರಿಸಿ ಕೊಬ್ಬರಿ ತೆಗೆದು ಬ್ಯಾಗು ಕಳಿಸಿದರು. ನಾಲ್ಕನೇ ದಿನ ಸಂಜೆ ಮನೆ ಬಾಗಿಲಿಗೆ ಬಂತು. ತುಪ್ಪ ಇರಲಿಲ್ಲ. ಅದನ್ನು ಯಾರೂ ಕದ್ದಿದ್ದಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನ, ಮಾಂಸ ತರುವಂತಿಲ್ಲ. ತುಪ್ಪವೂ ಅದರಲ್ಲೇ ಬಂತು. ಕಸ್ಟಮ್ಸಿನವರು ತೆಗೆದಿಟ್ಟು ಚೀಟಿ ಹಾಕಿದ್ದರು. ಉಪ್ಪಿನಕಾಯಿ ಭರಣಿ ಸೋರಿ ಎರಡು ಅಂಗಿ, ಒಂದು ಸೀರೆ ಹಾಳಾಗಿತ್ತು. ಅದನ್ನು ಕ್ಲೇಮಿಗೆ ಸೇರಿಸೋಣ ಎಂದರು, ನಾನು ಬೇಡವೆಂದೆ. ಸಾಮಾನಿನದೇ ಗುಣದೋಷದಿಂದ ಆದ ಹಾನಿಗೆ ವಿಮಾನ ಕಂಪನಿ ಹೊಣೆಯಲ್ಲ, ಸೋರಿಕೆಯನ್ನು ಈ ಪಾಲಿಸಿಯೂ ಹೊರಗಿಟ್ಟಿತ್ತು. ಕಸ್ಟಮ್ಸ್ ಜಪ್ತಿಯೂ ಹೊರಗೆ. ಸಿಗದ ಬಾಬ್ತುಗಳನ್ನು ಪಟ್ಟಿಗೆ ತುರುಕಿದರೆ ಸಿಗುವ ಬಾಬ್ತಿನ ಮೇಲೂ ಅನುಮಾನ ಬೀಳುತ್ತದೆ.

ನಿಜವಾಗಿ ತೊಂದರೆಯಾದದ್ದು ಬಿಪಿ ಮಾತ್ರೆಯಿಂದ. ಕೈಚೀಲದಲ್ಲಿ ಎರಡು ದಿನದ್ದು ಇತ್ತು. ಮೂರನೇ ದಿನ ವೈದ್ಯರ ಬಳಿ ಹೋಗಲೇಬೇಕಾಯಿತು, ಅಲ್ಲಿ ಚೀಟಿ ಇಲ್ಲದೆ ಇಂಥ ಮಾತ್ರೆ ಕೊಡುವುದಿಲ್ಲ. ವಿಮೆಯ ವೈದ್ಯಕೀಯ ಭಾಗ ಕೈಚೆಲ್ಲಿತು, ಬಿಪಿ ಮೊದಲೇ ಇದ್ದ ಕಾಯಿಲೆ. ಹಾಗಾಗಿ ಮಾತ್ರೆಯ ಬಿಲ್ಲನ್ನು ಬ್ಯಾಗು ತಡವಾದದ್ದರಿಂದ ಬಿದ್ದ ಅಗತ್ಯ ಖರ್ಚು ಎಂದು ಬಟ್ಟೆಯ ಬಿಲ್ಲುಗಳ ಜೊತೆ ಹಾಕಿಸಿದೆ. ವೈದ್ಯರ ಫೀಸು ಬಿಟ್ಟು ಮಾತ್ರೆಯ ಬೆಲೆಯನ್ನು ಒಪ್ಪಿದರು. ಒಂದೇ ಖರ್ಚು ಒಂದು ತಲೆಬರಹದಡಿ ತಿರಸ್ಕೃತವಾಗಿ ಇನ್ನೊಂದರಡಿ ಅಂಗೀಕಾರವಾಗುವುದು ಈ ವ್ಯವಹಾರದಲ್ಲಿ ಹೊಸದೇನಲ್ಲ.

ಪಾಲಿಸಿಯ ಪ್ರಕಾರ ಬ್ಯಾಗು 12 ಗಂಟೆಗಿಂತ ಹೆಚ್ಚು ತಡವಾದರೆ ಬಿಲ್ಲು ಇದ್ದಷ್ಟು, ಗರಿಷ್ಠ 100 ಡಾಲರ್. ಹೋಗುವಾಗ ಮಾತ್ರ. ಭಾರತಕ್ಕೆ ಮರಳುವ ವಿಮಾನದಲ್ಲಿ ತಡವಾದರೆ ಇಲ್ಲ, ಮನೆಯಲ್ಲಿ ಬಟ್ಟೆ ಇರುತ್ತದೆ ಎಂಬ ತರ್ಕ. ಖರ್ಚಾಗಿದ್ದು 212 ಯೂರೊ. ವಿಮೆಯವರು ಪಿಐಆರ್, ಟ್ಯಾಗಿನ ಚೂರು, ಬೋರ್ಡಿಂಗ್ ಪಾಸ್, ಬ್ಯಾಗು ತಲುಪಿದ ದಿನ ಮತ್ತು ವೇಳೆ ನಮೂದಿಸಿದ ಕಂಪನಿಯ ಪತ್ರ ಕೇಳಿದರು. ಎಲ್ಲ ಇತ್ತು, 100 ಡಾಲರಿಗೆ ಸಮನಾದ ರೂಪಾಯಿ ಖಾತೆಗೆ ಬಂತು.

ಉಳಿದದ್ದಕ್ಕೆ ವಿಮಾನ ಕಂಪನಿಗೆ ಬರೆದೆವು. ಬ್ಯಾಗು ಕೈಸೇರಿದ ದಿನದಿಂದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ವಿಮೆಯಿಂದ ಬಂದ ಹಣವನ್ನು ದೂರಿನಲ್ಲೇ ಹೇಳಿದೆವು, ಒಂದೇ ಬಿಲ್ಲಿಗೆ ಎರಡು ಕಡೆ ಪೂರ್ತಿ ಹಣ ಪಡೆಯುವಂತಿಲ್ಲ. ಅವರ ಮೊದಲ ಉತ್ತರ: ನಿಷಿದ್ಧ ವಸ್ತು ನಿಮ್ಮದು, ತಡ ಆದದ್ದು ನಿಮ್ಮಿಂದ. ಅಂತರರಾಷ್ಟ್ರೀಯ ವಿಮಾನಯಾನಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ 20ನೇ ವಿಧಿ ಅವರಿಗೆ ಆ ಮಾತು ಹೇಳಲು ಅವಕಾಶ ಕೊಡುತ್ತದೆ, ಪ್ರಯಾಣಿಕನ ತಪ್ಪಿನ ಪಾಲಿನಷ್ಟು ಹೊಣೆ ಕಡಿಮೆಯಾಗುತ್ತದೆ. ಪಾಲಿನಷ್ಟು, ಪೂರ್ತಿ ಅಲ್ಲ ಎಂಬುದು ನಮ್ಮ ವಾದ. ಒಪ್ಪಿಗೆ ಸಿಕ್ಕ ಮೇಲೂ ಬ್ಯಾಗು ಮುಂದಿನ ಎರಡು ವಿಮಾನ ತಪ್ಪಿಸಿಕೊಂಡಿತ್ತು, ಟ್ರ್ಯಾಕರಿನ ಸ್ಕ್ರೀನ್‌ಶಾಟುಗಳು ಅದನ್ನು ಗಂಟೆ ಸಮೇತ ತೋರಿಸುತ್ತಿದ್ದವು. 100 ಯೂರೊ ಕೊಟ್ಟು ಮುಗಿಸಿದರು. ನ್ಯಾಯವಾದ ಮೊತ್ತ ಎಂದೇ ನನ್ನ ಅಭಿಪ್ರಾಯ.

ಚಿನ್ನದ ಕಡತ

ವಿಮೆಯ ಬಾಗಿಲು ಒಂದೇ ಪತ್ರಕ್ಕೆ ಮುಚ್ಚಿತು. ಈ ಪಾಲಿಸಿಯಲ್ಲಿ ಸಾಮಾನು ಕಳೆಯುವುದೆಂದರೆ ಇಡೀ ಬ್ಯಾಗೇ ಕಳೆಯುವುದು. ಬ್ಯಾಗು ಬಂದು ಒಳಗಿನದು ಹೋದರೆ ಅದು ಭಾಗಶಃ ನಷ್ಟ, ರಕ್ಷಣೆ ಇಲ್ಲ. ಮೇಲಾಗಿ ಆಭರಣ, ನಗದು, ಎಲೆಕ್ಟ್ರಾನಿಕ್ ವಸ್ತುಗಳು ಹೊರಗೆ. ಇಡೀ ಬ್ಯಾಗೇ ಹೋಗಿದ್ದರೂ ಚಿನ್ನಕ್ಕೆ ಬಿಡಿಗಾಸು ಬರುತ್ತಿರಲಿಲ್ಲ. ನಮ್ಮಲ್ಲಿ ಮಾರಾಟವಾಗುವ ವಿದೇಶ ಪ್ರಯಾಣದ ಪಾಲಿಸಿಗಳಲ್ಲಿ ಇಂಥ ಷರತ್ತುಗಳು ಸಾಮಾನ್ಯ. ವಿಮಾ ಓಂಬುಡ್ಸ್‌ಮನ್‌ಗೆ ಹೋಗೋಣವೇ ಎಂದು ತಮ್ಮನ ಮಗ ಕೇಳಿದ. ಶುಲ್ಕವಿಲ್ಲ, ವಕೀಲರು ಬೇಡ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಬೆಂಗಳೂರಿನ ಕಚೇರಿಗೆ ದೂರು ಕೊಡಬಹುದು. ಆದರೆ ಷರತ್ತು ಇಷ್ಟು ಸ್ಪಷ್ಟವಾಗಿ ಅಚ್ಚಾಗಿರುವಾಗ ಅಲ್ಲಿ ಹೇಳಲು ನಮಗೆ ಏನೂ ಇರಲಿಲ್ಲ.

ವಿಮಾನ ಕಂಪನಿಯ ಬಾಗಿಲು ಬೇರೆ, ಅದರ ಕಾನೂನೂ ಬೇರೆ. ಇಲ್ಲಿ ಜನ ತಲೆಕೆಳಗಾಗಿ ತಿಳಿದಿರುತ್ತಾರೆ. ವಿಮೆ ಇದ್ದರೆ ಚಿನ್ನ ಸಿಗುತ್ತದೆ, ವಿಮಾನದವರು ಏನೂ ಕೊಡುವುದಿಲ್ಲ ಎಂದು. ಮಾಂಟ್ರಿಯಲ್ ಒಪ್ಪಂದವನ್ನು ಭಾರತ 2009ರಲ್ಲಿ ಒಪ್ಪಿಕೊಂಡಿದೆ, 1972ರ ವಿಮಾನ ಸಾಗಣೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಅದು ಇದೆ. ಚೆಕ್‌ಇನ್ ಬ್ಯಾಗು ಕಂಪನಿಯ ವಶದಲ್ಲಿದ್ದಾಗ ನಷ್ಟವಾದರೆ ಹೊಣೆ ಅವರದು. 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ ಮಿತಿ 1,519 ಎಸ್‌ಡಿಆರ್. ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ, ರೂಪಾಯಿಯಲ್ಲಿ ಒಂದು ಮುಕ್ಕಾಲು ಲಕ್ಷದ ಆಸುಪಾಸು. ಬ್ಯಾಗಿನೊಳಗಿನ ವಸ್ತುಗಳಿಗೆ ಹೆಚ್ಚಿನ ಬೆಲೆ ಇದ್ದರೆ ಚೆಕ್‌ಇನ್ ವೇಳೆ ವಿಶೇಷ ಘೋಷಣೆ ಮಾಡಿ, ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಿ, ಈ ಮಿತಿಯನ್ನೂ ಏರಿಸಿಕೊಳ್ಳಬಹುದು. ಹಾಗೆ ಮಾಡಿದ ಒಬ್ಬರನ್ನೂ ನಾನು ನೋಡಿಲ್ಲ. ಇಲ್ಲಿ ಅದರ ಅಗತ್ಯವೂ ಇರಲಿಲ್ಲ, ಚಿನ್ನದ ಬೆಲೆ ಮಿತಿಯೊಳಗೇ ಇತ್ತು.

ಹಾನಿಯ ದೂರಿಗೆ ಗಡುವು ಬ್ಯಾಗು ಪಡೆದ ಏಳು ದಿನ. ಆರನೇ ದಿನ ಎರಡೂ ವಿಮಾನ ಕಂಪನಿಗಳಿಗೆ ಬರೆದಾಯಿತು. ಜಿಪ್ಪಿನ ಫೋಟೋ, ಚಿನ್ನದ ಬಿಲ್ಲು, ಬಿಲ್ಲಿನಲ್ಲಿ ಹಾಲ್‌ಮಾರ್ಕಿನ ಆರು ಅಕ್ಷರಾಂಕಗಳ ಗುರುತು, ಎಲ್ಲ ಲಗತ್ತು.

ಅಂತರರಾಷ್ಟ್ರೀಯ ಕಂಪನಿ ಮೊದಲು ತನ್ನ ಷರತ್ತು ತೋರಿಸಿತು: ಬೆಲೆಬಾಳುವ ವಸ್ತು ಚೆಕ್‌ಇನ್‌ನಲ್ಲಿ ಇಡಬಾರದು, ಇಟ್ಟರೆ ನಾವು ಹೊಣೆಯಲ್ಲ. ಅದಕ್ಕೆ ಉತ್ತರವಿದೆ. ಒಪ್ಪಂದ ಹೇಳುವ ಹೊಣೆಯಿಂದ ಕಳಚಿಕೊಳ್ಳುವ ಅಥವಾ ಅದರ ಮಿತಿಯನ್ನು ಇಳಿಸುವ ಷರತ್ತು ಅಸಿಂಧು ಎಂದು 26ನೇ ವಿಧಿ ಹೇಳುತ್ತದೆ. ಬರೆದೆವು. ಎರಡನೇ ಪತ್ರದಲ್ಲಿ ಅವರು ಆ ವಾದ ಕೈಬಿಟ್ಟು ಗಟ್ಟಿಯಾದ ಜಾಗಕ್ಕೆ ಬಂದರು. ಬ್ಯಾಗನ್ನು ನೀವು ತಕರಾರಿಲ್ಲದೆ ಸ್ವೀಕರಿಸಿದ್ದೀರಿ. ಹಾಗೆ ಸ್ವೀಕರಿಸಿದರೆ ಅದು ಸುಸ್ಥಿತಿಯಲ್ಲಿ ತಲುಪಿದೆ ಎಂಬುದಕ್ಕೆ ಮೇಲ್ನೋಟದ ಪುರಾವೆ ಎಂದು 31ನೇ ವಿಧಿಯೇ ಹೇಳುತ್ತದೆ. ಏಳು ದಿನದೊಳಗಿನ ದೂರು ನಮ್ಮ ಹಕ್ಕನ್ನು ಉಳಿಸಿತು, ಆದರೆ ಸಾಬೀತು ಮಾಡುವ ಭಾರ ನಮ್ಮ ಹೆಗಲಿಗೆ ಬಂತು. ಅದೇ ಕೌಂಟರಿನಲ್ಲಿ, ಅದೇ ಹೊತ್ತಿನಲ್ಲಿ, ಎರಡನೇ ಬ್ಯಾಗಿನ ಪಿಐಆರ್ ಬರೆಸುವಾಗ ಮೊದಲನೆಯದರ ಜಿಪ್ಪಿನ ಮೇಲೆ ಒಮ್ಮೆ ಬೆರಳಾಡಿಸಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು.

ಅವರ ಇನ್ನೊಂದು ಪ್ರಶ್ನೆ: ಕದ್ದದ್ದು ನಮ್ಮ ವಶದಲ್ಲಿದ್ದಾಗಲೇ ಎಂಬುದಕ್ಕೆ ಏನಿದೆ? ಅಮ್ಮ ಡಬ್ಬಿಯನ್ನು ಕೊನೆಯ ಸಲ ನೋಡಿದ್ದು ಶಿರಸಿಯ ಮನೆಯಲ್ಲಿ. ಅಲ್ಲಿಂದ ಹುಬ್ಬಳ್ಳಿ ತನಕ ನೂರು ಕಿಲೋಮೀಟರಿನ ಆಸುಪಾಸು ಬಾಡಿಗೆ ಕಾರು, ಮುಂದೆ ಒಳನಾಡಿನ ವಿಮಾನ, ಬೆಂಗಳೂರಿನಲ್ಲಿ ಬ್ಯಾಗು ಇಳಿಸಿಕೊಂಡು ಬೇರೆ ಕೌಂಟರಿನಲ್ಲಿ ಮತ್ತೆ ಚೆಕ್‌ಇನ್, ಗಲ್ಫ್‌ನಲ್ಲಿ ಬದಲಾವಣೆ, ಮ್ಯೂನಿಕ್. ಹುಬ್ಬಳ್ಳಿಯಿಂದ ಮ್ಯೂನಿಕ್ ತನಕ ಒಂದೇ ಟಿಕೆಟು ಇದ್ದಿದ್ದರೆ, ಕಂಪನಿಗಳು ಬೇರೆ ಬೇರೆಯಾದರೂ, ಕಾನೂನಿನ ಕಣ್ಣಿಗೆ ಅದು ಒಂದೇ ಅಂತರರಾಷ್ಟ್ರೀಯ ಪ್ರಯಾಣ. ಆಗ ಮೊದಲ ಕಂಪನಿಯನ್ನಾಗಲಿ ಕೊನೆಯ ಕಂಪನಿಯನ್ನಾಗಲಿ ಹಿಡಿಯಬಹುದು, ಎಲ್ಲಿ ಹೋಯಿತು ಎಂಬುದನ್ನು ಅವರವರೇ ಬಗೆಹರಿಸಿಕೊಳ್ಳಬೇಕು. ಬ್ಯಾಗಿಗೂ ಹುಬ್ಬಳ್ಳಿಯಲ್ಲೇ ಮ್ಯೂನಿಕ್ ತನಕದ ಟ್ಯಾಗು ಬೀಳುವ ಸಂಭವವಿತ್ತು. ಎರಡು ಟಿಕೆಟಾದ್ದರಿಂದ ಎರಡು ಬೇರೆ ಒಪ್ಪಂದ. ಒಳನಾಡಿನ ಪ್ರಯಾಣಕ್ಕೆ ಮಿತಿ ತಲೆಗೆ 20,000 ರೂಪಾಯಿ ಮಾತ್ರ. ಒಳನಾಡಿನ ಕಂಪನಿಯ ಉತ್ತರವೂ ನಿರೀಕ್ಷಿತವೇ: ಬೆಂಗಳೂರಿನಲ್ಲಿ ತಕರಾರಿಲ್ಲದೆ ತೆಗೆದುಕೊಂಡು ಹೋಗಿದ್ದೀರಿ, ಮುಂದಿನವರನ್ನು ಕೇಳಿ. ಮುಂದಿನವರು ಹಿಂದಿನವರನ್ನು ಕೇಳಿ ಎಂದರು. ಚಿನ್ನದ ಬಿಲ್ಲು ಚಿನ್ನ ಇತ್ತು ಎಂದು ಹೇಳುತ್ತದೆ, ಕುಕ್ಕರಿನಲ್ಲಿ ಇತ್ತು ಎಂದು ಹೇಳುವುದಿಲ್ಲ. ಪ್ಯಾಕಿಂಗ್ ಮಾಡುವಾಗ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಇರಲಿಲ್ಲ.

ಇನ್ನೊಂದು ವಿಷಯವನ್ನು ಅಳಿಯನಿಗೆ ಮಾತ್ರ ಹೇಳಿದೆ. ವಿಮಾನದಲ್ಲಿ ಬರುವವರು ಐರೋಪ್ಯ ಒಕ್ಕೂಟದೊಳಗೆ ಸುಂಕವಿಲ್ಲದೆ ತರಬಹುದಾದ ಉಡುಗೊರೆ ಇತ್ಯಾದಿಗಳ ಬೆಲೆ 430 ಯೂರೊ ತನಕ. ಮಗುವಿಗೆ ತಂದ ಹೊಸ ಚಿನ್ನ ಅದರ ಮೂರು ಪಟ್ಟು ಮೀರುತ್ತದೆ, ಘೋಷಿಸಬೇಕಿತ್ತು. ಘೋಷಿಸದ ವಸ್ತುವಿನ ಬಿಲ್ಲನ್ನು ಅಲ್ಲಿನ ಪೊಲೀಸರ ಮುಂದೆ ಇಡುವ ಮೊದಲು ಅಲ್ಲಿನ ವಕೀಲರನ್ನು ಕೇಳು ಎಂದೆ. ಅವನು ಕೇಳಿದನೋ ಇಲ್ಲವೋ, ಪೊಲೀಸ್ ದೂರು ಮಾತ್ರ ಜರ್ಮನಿಯಲ್ಲಿ ಆಗಲಿಲ್ಲ.

ಈಗ ಎಲ್ಲಿದೆ

ಉಳಿದಿರುವುದು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡೂ ಕಂಪನಿಗಳನ್ನು ಒಟ್ಟಿಗೆ ಎದುರುದಾರರನ್ನಾಗಿ ಮಾಡುವುದು ಒಂದೇ ದಾರಿ. ಬೇರೆ ಬೇರೆ ಮಾಡಿದರೆ ಇಬ್ಬರೂ ಪರಸ್ಪರ ಬೆರಳು ತೋರಿಸಿ ಜಾರುತ್ತಾರೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆ ದಿನದ ಬ್ಯಾಗೇಜ್ ವಿಭಾಗದ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಆರನೇ ದಿನವೇ ಪತ್ರ ಹೋಗಿತ್ತು. ಅದಕ್ಕೆ ಸ್ವೀಕೃತಿ ಇದೆ, ಉತ್ತರ ಇಲ್ಲ. ನಮ್ಮ ಕೈಯಲ್ಲಿ ಗಟ್ಟಿ ಎನ್ನಬಹುದಾದದ್ದು ಇದೊಂದೇ. ಕೇಳಿದ ಮೇಲೂ ದೃಶ್ಯ ಉಳಿಸದೆ ಹೋಗಿದ್ದರೆ ಆಯೋಗ ಅದನ್ನು ಅವರ ವಿರುದ್ಧ ಎಣಿಸಬಹುದು.

ದೂರು ಬೇಡ ಎಂಬುದೇ ನನ್ನ ಸಲಹೆಯಾಗಿತ್ತು. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಓಡಾಡುವ ಖರ್ಚು, ವಕೀಲರ ಫೀಸು ಲೆಕ್ಕ ಹಾಕಿದರೆ 20,000ದ ಮಿತಿಯ ಮೇಲೆ ಏನೂ ಉಳಿಯುವುದಿಲ್ಲ. ದೊಡ್ಡ ಮಿತಿಯ ಕಂಪನಿಯ ಮೇಲೆ ಸಾಕ್ಷಿ ಸಾಲದು. ಯಜಮಾನರು ಒಪ್ಪಿದರು. ಅಮ್ಮ ಒಪ್ಪಲಿಲ್ಲ. ಮೊಮ್ಮಗಳ ಚಿನ್ನ ಯಾರ ಕೈಯಲ್ಲಿ ಹೋಯಿತು ಎಂದು ಕೇಳುವವರಾದರೂ ಇರಬೇಕಲ್ಲ ಎಂಬುದು ಅವರ ಮಾತು. ಮಾಂಟ್ರಿಯಲ್ ಒಪ್ಪಂದದಡಿಯೂ ಗ್ರಾಹಕ ಕಾಯ್ದೆಯಡಿಯೂ ಎರಡು ವರ್ಷ ಕಾಲಾವಕಾಶವಿದೆ, ಅದು 2027ರ ಮೇ ಕೊನೆಗೆ ಮುಗಿಯುತ್ತದೆ. ವಕಾಲತ್ತಿಗೆ ಅವರು ಸಹಿ ಹಾಕಿ ಕೊಟ್ಟಿದ್ದಾರೆ, ದೂರಿನ ಕರಡು ಕಾರವಾರದ ವಕೀಲರ ಬಳಿ ಇದೆ.